ಗುಮ್ಮಟದ ನಾಡಿನ ಮಣ್ಣಿನ ಮಾಳಿಗೆ

ವಿಜಯಪುರಕ್ಕೆ ಬಂದವರು ಗೋಳಗುಮ್ಮಟವನ್ನು ತಲೆಯೆತ್ತಿ ನೋಡುತ್ತಾರೆ; ಬುಡದ ಗೋಡೆಯನ್ನು ನೋಡುವವರು ವಿರಳ. ಮಹಮ್ಮದ್ ಆದಿಲಶಾಹನ ಕಾಲದ (1627–1656) ಆ ಗೋಡೆ ಸುಮಾರು 3 ಮೀಟರ್ ದಪ್ಪ, ಗಾರೆಯಿಂದ ಬೆಸೆದದ್ದು. ಒಂದನ್ನೊಂದು ಹಾಯುವ ಎಂಟು ಕಮಾನುಗಳು ಮೇಲಿನ ಭಾರ ಹೊತ್ತಿವೆ. ಕಟ್ಟಡವೆಲ್ಲ ಒಂದೇ ಮೈ.

ತಿಕೋಟಾ, ಬಬಲೇಶ್ವರಗಳ ಹಳೆಯ ಮನೆಗಳ ಗೋಡೆಯೂ ದಪ್ಪವೇ. ಆದರೆ ಒಳಗೊಂದು, ಹೊರಗೊಂದು ಕಲ್ಲಿನ ಪದರ. ನಡುವೆ ಮಣ್ಣು, ಚೂರುಗಲ್ಲು. ಮೇಲೆ ಬೇಸಗೆಯ ತಂಪಿಗೆಂದು ಹೇರಿದ ಮಣ್ಣಿನ ಮಾಳಿಗೆ. 1993ರ ಸಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯ ಸುತ್ತ ಇಂಥ ಮನೆಗಳೇ ಮಲಗಿದ್ದವರ ಮೇಲೆ ಕುಸಿದವು. ಸತ್ತವರು ಹತ್ತು ಸಾವಿರದ ಹತ್ತಿರ. 2021ರಲ್ಲಿ ನಮ್ಮ ಜಿಲ್ಲೆಯ ನೆಲವೂ ನಡುಗಿತು.

ಹಾಗಾದರೆ ಎಲ್ಲ ಕೆಡವಿ ಸಿಮೆಂಟಿನ ಮನೆ ಕಟ್ಟೋಣವೇ ಎಂದೀರಿ. ಅವಸರ ಬೇಡ. ಕಿಲ್ಲಾರಿಯ ಬಳಿಕ ಇಂಜಿನಿಯರರು ತೋರಿದ ದಾರಿ ಬೇರೆ: ತಂಪಿಗೆ ಬೇಕಾದಷ್ಟು ಉಳಿಸಿ ಮಾಳಿಗೆಯ ಹೆಚ್ಚಿನ ಮಣ್ಣನ್ನು ಇಳಿಸುವುದು, ಗೋಡೆಯಲ್ಲಿ ಅಲ್ಲಲ್ಲಿ ತೂತು ಮಾಡಿ, ಕಬ್ಬಿಣದ ಸರಳಿಟ್ಟು, ಕಾಂಕ್ರೀಟು ತುಂಬಿ ಎರಡು ಪದರಗಳನ್ನು ಹೊಲಿಯುವುದು, ಬಾಗಿಲಿನ ಮೇಲ್ಗಡೆ ಮನೆಯ ಸುತ್ತಲೂ ಪಟ್ಟಿ ಬಿಗಿಯುವುದು. ಅಜ್ಜನ ಕಲ್ಲು ವ್ಯರ್ಥವಾಗದು.

ಗೋಡೆ ಹೊಟ್ಟೆಬಿಟ್ಟಿದ್ದರೆ ಮಾತು ಬೇರೆ. ಅದನ್ನು ಬಿಚ್ಚಿ ಕಟ್ಟುವುದೇ ಲೇಸು. ಆಗ ಗೋಡೆಯ ಎರಡೂ ಮೈ ಮುಟ್ಟುವ ಉದ್ದಗಲ್ಲುಗಳನ್ನು ಇಡುವಂತೆ ಗೌಂಡಿಗೆ ಮೊದಲೇ ಹೇಳಿರಿ. ಗಿಲಾವು ಆದಮೇಲೆ ಇಟ್ಟನೋ ಬಿಟ್ಟನೋ ಕಾಣದು.