ಕೋಲಾರ ಚಿನ್ನದ ಗಣಿಯ ಸೈನೈಡ್ ದಿಬ್ಬಗಳು

ಸೈನೈಡ್ ದಿಬ್ಬಗಳು ಕರ್ನಾಟಕದ ಕೋಲಾರ ಜಿಲ್ಲೆಯ ಕೆಜಿಎಫ್ ಪಟ್ಟಣದಲ್ಲಿರುವ ಕೃತಕ ಗುಡ್ಡಗಳು. ಅದಿರಿನಿಂದ ಚಿನ್ನವನ್ನು ಬೇರ್ಪಡಿಸಿದ ನಂತರ ಉಳಿದ ನುಣುಪಾದ ಪುಡಿಯನ್ನು ದಶಕಗಳ ಕಾಲ ಒಂದೆಡೆ ಸುರಿದುದರಿಂದ ಇವು ರೂಪುಗೊಂಡವು. ಇಂತಹ 13 ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ತ್ಯಾಜ್ಯವಿದೆ ಎಂದು ಅಂದಾಜಿಸಲಾಗಿದೆ. ಗಣಿಗಾರಿಕೆಯು 2001ರಲ್ಲಿ ಸ್ಥಗಿತಗೊಂಡರೂ ಈ ದಿಬ್ಬಗಳು ಸುತ್ತಲಿನ ಗಾಳಿ, ಮಣ್ಣು ಮತ್ತು ನೀರಿನ ಮೇಲೆ ಪರಿಣಾಮ ಬೀರುತ್ತಿವೆ.

ಇತಿಹಾಸ

ಬ್ರಿಟನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು 1880ರಲ್ಲಿ ಇಲ್ಲಿ ಆಧುನಿಕ ಗಣಿಗಾರಿಕೆಯನ್ನು ಆರಂಭಿಸಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ ಮತ್ತು ನಂದಿದುರ್ಗ ಇಲ್ಲಿನ ಪ್ರಮುಖ ಗಣಿಗಳಾಗಿದ್ದವು. 1956ರಲ್ಲಿ ಗಣಿಗಳು ರಾಷ್ಟ್ರೀಕರಣಗೊಂಡವು. 1972ರಿಂದ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಇವುಗಳನ್ನು ನಡೆಸಿತು. 2001ರ ಫೆಬ್ರವರಿ 28ರಂದು ಗಣಿಗಳನ್ನು ಮುಚ್ಚಲಾಯಿತು.

ಸಂಸ್ಕರಣಾ ವಿಧಾನ

ಮೊದಲಿಗೆ ಪುಡಿಮಾಡಿದ ಅದಿರನ್ನು ಪಾದರಸದೊಂದಿಗೆ ಬೆರೆಸಿ ಚಿನ್ನವನ್ನು ಪಡೆಯಲಾಗುತ್ತಿತ್ತು. 1887ರಲ್ಲಿ ಸ್ಕಾಟ್ಲೆಂಡಿನಲ್ಲಿ ಅಭಿವೃದ್ಧಿಗೊಂಡ ಸೈನೈಡ್ ವಿಧಾನವು ನಂತರ ಇಲ್ಲಿಯೂ ಬಳಕೆಗೆ ಬಂದಿತು. ಸೈನೈಡಿನ ದುರ್ಬಲ ದ್ರಾವಣವು ಗಾಳಿಯಲ್ಲಿನ ಆಮ್ಲಜನಕದ ನೆರವಿನಿಂದ ಚಿನ್ನವನ್ನು ಕರಗಿಸುತ್ತದೆ. ಆ ದ್ರಾವಣಕ್ಕೆ ಸತುವಿನ ಪುಡಿಯನ್ನು ಸೇರಿಸಿದಾಗ ಚಿನ್ನವು ಬೇರ್ಪಡುತ್ತದೆ. ಒಂದು ಟನ್ ಅದಿರಿನಲ್ಲಿ ಚಿನ್ನವು ಕೆಲವೇ ಗ್ರಾಂಗಳಷ್ಟು ಇರುವುದರಿಂದ ಅದಿರಿನ ಬಹುಪಾಲು ತ್ಯಾಜ್ಯವಾಗಿಯೇ ಉಳಿಯುತ್ತದೆ. ಈ ತ್ಯಾಜ್ಯವನ್ನು ನೀರಿನೊಂದಿಗೆ ಕೆಸರಿನ ರೂಪದಲ್ಲಿ ಹರಿಸಿ ದಿಬ್ಬಗಳಲ್ಲಿ ಶೇಖರಿಸಲಾಯಿತು.

ಕಾಲಕ್ರಮದಲ್ಲಿ ಬದಲಾಗುವ ಅಪಾಯ

ದಿಬ್ಬಗಳ ಹೆಸರು ಸೈನೈಡನ್ನು ಸೂಚಿಸಿದರೂ ದೀರ್ಘಾವಧಿಯ ಅಪಾಯವು ಕೇವಲ ಸೈನೈಡಿನದ್ದಲ್ಲ. ಮುಕ್ತ ಸೈನೈಡ್ ಬಿಸಿಲು, ಗಾಳಿ ಮತ್ತು ಸೂಕ್ಷ್ಮಜೀವಿಗಳಿಂದ ಕ್ರಮೇಣ ವಿಘಟನೆಗೊಳ್ಳುತ್ತದೆ. ಕಬ್ಬಿಣದೊಂದಿಗೆ ಸಂಯೋಗಗೊಂಡ ಸೈನೈಡ್ ಮಾತ್ರ ಬಹುಕಾಲ ಉಳಿಯಬಲ್ಲದು. ಆದರೆ ಕೆಳಗಿನ ಅಂಶಗಳು ಹಾಗೆ ನಶಿಸುವುದಿಲ್ಲ.

* ಧೂಳು: ದಿಬ್ಬದ ಮೇಲ್ಮೈ ಒಣಗಿದಾಗ ಬಿರುಗಾಳಿಗೆ ಸೂಕ್ಷ್ಮ ಧೂಳು ಮೇಲೆದ್ದು ವಸತಿ ಪ್ರದೇಶಗಳನ್ನು ತಲುಪುತ್ತದೆ. ಇದರಲ್ಲಿ ಸ್ಫಟಿಕಶಿಲೆಯಿಂದ ಬಂದ ಸಿಲಿಕಾ ಇರುತ್ತದೆ. ದೀರ್ಘಕಾಲ ಸಿಲಿಕಾ ಧೂಳನ್ನು ಉಸಿರಾಡಿದರೆ ಸಿಲಿಕೋಸಿಸ್ ಎಂಬ ಗುಣಪಡಿಸಲಾಗದ ಶ್ವಾಸಕೋಶದ ಕಾಯಿಲೆ ಬರಬಹುದು. ಇಲ್ಲಿನ ಗಣಿ ಕಾರ್ಮಿಕರಲ್ಲಿ ಈ ಕಾಯಿಲೆ ಕಂಡುಬಂದಿತ್ತು.
* ಆಮ್ಲೀಯ ನೀರು: ಅದಿರಿನಲ್ಲಿರುವ ಗಂಧಕಯುಕ್ತ ಖನಿಜಗಳು ಗಾಳಿ ಮತ್ತು ಮಳೆನೀರಿನ ಸಂಪರ್ಕಕ್ಕೆ ಬಂದಾಗ ಗಂಧಕಾಮ್ಲ ಉಂಟಾಗುತ್ತದೆ.
* ಲೋಹಾಂಶಗಳು: ಈ ಆಮ್ಲವು ಆರ್ಸೆನಿಕ್‌ನಂತಹ ವಿಷಾಂಶಗಳನ್ನು ಹಾಗೂ ಭಾರಲೋಹಗಳನ್ನು ಕರಗಿಸಿ ಮಣ್ಣು ಮತ್ತು ಅಂತರ್ಜಲಕ್ಕೆ ಸೇರಿಸಬಲ್ಲದು. ಇವು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುತ್ತವೆಯೇ ಹೊರತು ನಾಶವಾಗುವುದಿಲ್ಲ.

ಮಾಪನ ಮತ್ತು ಮಿತಿಗಳು

ಕಾರ್ಯನಿರತ ಕಾರ್ಖಾನೆಯ ಹೊರಸೂಸುವಿಕೆಯನ್ನು ಚಿಮಣಿ ಅಥವಾ ಕೊಳವೆಯ ಬಾಯಿಯಲ್ಲಿ ಅಳೆಯಬಹುದು. ದಿಬ್ಬಗಳಿಗೆ ಅಂತಹ ನಿಶ್ಚಿತ ನಿರ್ಗಮನ ಸ್ಥಳವಿಲ್ಲ. ಆದ್ದರಿಂದ ಗಾಳಿ ಬೀಸುವ ದಿಕ್ಕಿನಲ್ಲಿ ಧೂಳಿನ ಪ್ರಮಾಣವನ್ನೂ, ಕೊಳವೆಬಾವಿ ಮತ್ತು ಹಳ್ಳಗಳಲ್ಲಿ ನೀರಿನ ಗುಣಮಟ್ಟವನ್ನೂ ಬೇರೆ ಬೇರೆ ಋತುಗಳಲ್ಲಿ, ಹಲವು ವರ್ಷ ಅದೇ ಸ್ಥಳಗಳಲ್ಲಿ ಅಳೆಯಬೇಕಾಗುತ್ತದೆ. ಮಳೆಯ ನಂತರ ತೆಗೆದ ಒಂದೇ ಮಾದರಿಯು ಧೂಳಿನ ಸಮಸ್ಯೆಯನ್ನು ತೋರಿಸಲಾರದು. ಹಾಗೆಯೇ ಸೈನೈಡ್ ಪರೀಕ್ಷೆಯೊಂದರಿಂದಲೇ ನೀರು ಸುರಕ್ಷಿತವೆಂದು ಹೇಳಲಾಗದು.

ಭಾರತೀಯ ಮಾನಕ ಬ್ಯೂರೋದ 2012ರ ಮಾನದಂಡದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಸೈನೈಡ್ 0.05 ಮಿಲಿಗ್ರಾಂ ಹಾಗೂ ಆರ್ಸೆನಿಕ್ 0.01 ಮಿಲಿಗ್ರಾಂ ಮೀರಬಾರದು. 2009ರ ರಾಷ್ಟ್ರೀಯ ವಾಯು ಗುಣಮಟ್ಟ ಮಾನದಂಡವು 10 ಮೈಕ್ರಾನ್‌ವರೆಗಿನ ಕಣಗಳಿಗೆ ಘನ ಮೀಟರಿಗೆ 60 ಮೈಕ್ರೋಗ್ರಾಂಗಳ ವಾರ್ಷಿಕ ಮಿತಿಯನ್ನು ನಿಗದಿಪಡಿಸಿದೆ. ಆದರೆ ಈ ಮಿತಿಯು ಧೂಳಿನ ಒಟ್ಟು ತೂಕಕ್ಕೆ ಸಂಬಂಧಿಸಿದ್ದು, ಅದರಲ್ಲಿ ಸಿಲಿಕಾ ಎಷ್ಟಿದೆ ಎಂಬುದನ್ನು ತಿಳಿಸುವುದಿಲ್ಲ.

ಮರುಸಂಸ್ಕರಣೆ

ಹಳೆಯ ವಿಧಾನಗಳಿಂದ ಪೂರ್ಣವಾಗಿ ತೆಗೆಯಲಾಗದ ಅಲ್ಪ ಪ್ರಮಾಣದ ಚಿನ್ನವು ದಿಬ್ಬಗಳಲ್ಲಿ ಇನ್ನೂ ಉಳಿದಿದೆ. 2024ರ ಜೂನ್‌ನಲ್ಲಿ ಕರ್ನಾಟಕ ಸಚಿವ ಸಂಪುಟವು 13 ದಿಬ್ಬಗಳನ್ನು ಹರಾಜು ಮಾಡುವ ಕೇಂದ್ರ ಸರ್ಕಾರದ ಪ್ರಸ್ತಾವಕ್ಕೆ ಒಪ್ಪಿಗೆ ನೀಡಿತು. ಮರುಸಂಸ್ಕರಣೆಯಿಂದ ತ್ಯಾಜ್ಯವನ್ನು ಸುರಕ್ಷಿತವಾಗಿ ವಿಲೇವಾರಿ ಮಾಡುವ ಅವಕಾಶ ದೊರೆಯಬಹುದು. ಆದರೆ ಅಗೆತದ ಸಮಯದಲ್ಲಿ ಧೂಳು ಹೆಚ್ಚುವ ಮತ್ತು ಸಂಸ್ಕರಣೆಗೆ ಮತ್ತೆ ರಾಸಾಯನಿಕಗಳನ್ನು ಬಳಸುವ ಸಾಧ್ಯತೆಯೂ ಇದೆ. ಆದ್ದರಿಂದ ಕೆಲಸ ಆರಂಭವಾಗುವ ಮೊದಲಿನ ಗಾಳಿ ಮತ್ತು ನೀರಿನ ದಾಖಲೆಗಳು ಮುಖ್ಯವಾಗುತ್ತವೆ. ಅವಿಲ್ಲದಿದ್ದರೆ ಹಳೆಯ ಮಾಲಿನ್ಯವನ್ನೂ ಹೊಸದನ್ನೂ ಪ್ರತ್ಯೇಕಿಸುವುದು ಕಷ್ಟ.