ದೆವ್ವವಾದವಳ ಸೇಡು

ಸತ್ತ ಮೇಲೆ ಸೇಡು ತೀರಿಸಿಕೊಳ್ಳಲು ಬರುವವಳು ಹೆಚ್ಚಾಗಿ ಹೆಣ್ಣೇ ಯಾಕೆ? ದೆವ್ವದ ಕತೆ ಕೇಳುತ್ತ ಬೆಳೆದ ನನಗೆ ಈ ಪ್ರಶ್ನೆ ಬಿಟ್ಟೂ ಬಿಡದೆ ಕಾಡಿದೆ. ಭೀಮಾ ದಂಡೆಯ ನಮ್ಮ ಮಣ್ಣೂರಿನಲ್ಲಿ ಅವ್ವ ಹೇಳುತ್ತಿದ್ದ ಕತೆಗಳಲ್ಲಿ ಬಾವಿಗೆ ಬಿದ್ದ ಸೊಸೆ ಇದ್ದಳು, ಬಾಣಂತನದಲ್ಲಿ ಸತ್ತವಳಿದ್ದಳು, ಊರು ಹೊರಗಿಟ್ಟವಳಿದ್ದಳು. ಬದುಕಿದ್ದಾಗ ಇವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸತ್ತ ಮೇಲೆ ಊರಿಗೆ ಊರೇ ನಡುಗಿತು.

1990ರ ದಶಕದಲ್ಲಿ ಕರ್ನಾಟಕದಲ್ಲಿ ಒಂದು ಸುದ್ದಿ ಹಬ್ಬಿತ್ತು. ರಾತ್ರಿ ಹೆಣ್ಣು ದೆವ್ವವೊಂದು ಬಂದು ಮನೆಯವರ ದನಿಯಲ್ಲೇ ಕರೆಯುತ್ತದೆ, ಬಾಗಿಲು ತೆರೆದವರು ಉಳಿಯುವುದಿಲ್ಲ ಎಂದು. ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ಪಾಪ, ಓದಲು ಬರುವ, ಹೇಳಿದ ಮಾತು ಕೇಳುವ ದೆವ್ವ! ತವರಿಗೆ ಹೋಗಿಬರುತ್ತೇನೆ ಎಂದ ಸೊಸೆಗೂ ಎಷ್ಟೋ ಮನೆಗಳಲ್ಲಿ ಸಿಗುತ್ತಿದ್ದ ಉತ್ತರ ಅದೇ ‘ನಾಳೆ’ ಅಲ್ಲವೇ?

ಈ ನಂಬಿಕೆಯ ಎಳೆ ಹಿಡಿದೇ 2018ರಲ್ಲಿ ಅಮರ್ ಕೌಶಿಕ್ ‘ಸ್ತ್ರೀ’ ಎಂಬ ಹಿಂದಿ ಚಿತ್ರ ಮಾಡಿದರು. ಕತೆ ನಡೆಯುವುದು ಮಧ್ಯಪ್ರದೇಶದ ಚಂದೇರಿಯಲ್ಲಿ. ಪ್ರೀತಿಸಿದವನನ್ನು ಮದುವೆಯಾದ ವೇಶ್ಯೆಯನ್ನು ಊರಿನವರು ಮೊದಲ ರಾತ್ರಿಯೇ ಗಂಡನ ಸಮೇತ ಕೊಂದಿರುತ್ತಾರೆ. ಅವಳು ಗಂಡಸರನ್ನು ಹೊತ್ತೊಯ್ಯತೊಡಗಿದಾಗ ಕತ್ತಲಾದ ಮೇಲೆ ಮನೆ ಸೇರುವವರು ಗಂಡಸರು! ನಕ್ಕು ನಕ್ಕು ಸಾಕಾಗುತ್ತದೆ. ಆದರೆ ಅವಳು ಕೇಳಿದ್ದು ಪ್ರೀತಿ, ಮರ್ಯಾದೆ, ಅಷ್ಟೇ.

2025ರಲ್ಲಿ ಬಂದ ಜೆ. ಪಿ. ತುಮಿನಾಡು ಅವರ ಕನ್ನಡ ಚಿತ್ರ ‘ಸು ಫ್ರಮ್ ಸೋ’ದಲ್ಲಿ ದೊಡ್ಡ ತಾರೆಯರಿಲ್ಲ, ಅದ್ದೂರಿ ಸೆಟ್ಟುಗಳಿಲ್ಲ. ಕರಾವಳಿಯ ಹಳ್ಳಿಯ ಯುವಕನ ಮೈಮೇಲೆ ಸುಲೋಚನಾ ಎಂಬವಳ ದೆವ್ವ ಬಂದಿದೆಯೆಂದು ಊರು ನಂಬುತ್ತದೆ. ಆ ನಗೆಯ ಹಿಂದೆ ಬದುಕಿರುವ ಹೆಣ್ಣಿನ ಸಂಕಟವೇ ಇದೆ. ನಮ್ಮ ಜನ ಚಿತ್ರವನ್ನು ಮುಗಿಬಿದ್ದು ನೋಡಿದರು.

ಸಿನಿಮಾದ ದೆವ್ವ ಎರಡೂವರೆ ತಾಸಿನಲ್ಲಿ ಮುಗಿಯುತ್ತದೆ. ನಮ್ಮ ಅಫಜಲಪುರ ತಾಲೂಕಿನದೇ ಆದ ದೇವಲ ಗಾಣಗಾಪುರದ ದತ್ತ ಕ್ಷೇತ್ರಕ್ಕೆ ‘ಗಾಳಿ ಸೋಂಕಿದೆ’ ಎಂದು ಹೆಣ್ಣುಮಕ್ಕಳನ್ನು ಕರೆತರುವ ರೂಢಿ ಹಳೆಯದು. ಮಧ್ಯಾಹ್ನದ ಮಹಾಮಂಗಳಾರತಿಯ ಹೊತ್ತಿಗೆ ತಲೆಗೂದಲು ಬಿಚ್ಚಿ ಕೂಗುವವರು, ಕಂಬ ಹತ್ತುವವರು. ಮನೆಯಲ್ಲಿ ತುಟಿ ಬಿಚ್ಚದವಳು ಅಲ್ಲಿ ದೆವ್ವದ ಹೆಸರಿನಲ್ಲಿ ಗಂಡನನ್ನೂ ಅತ್ತೆಯನ್ನೂ ಬಾಯಿ ತುಂಬ ಬಯ್ಯಬಹುದು, ಯಾರೂ ತಡೆಯುವುದಿಲ್ಲ. ನಂಬಿ ಬಂದವರನ್ನು ನಾನು ಹೀಯಾಳಿಸಲಾರೆ. ಆದರೆ ದೆವ್ವ ಬಿಡಿಸುವ ನೆಪದಲ್ಲಿ ಎಲ್ಲೆಲ್ಲೋ ಬಡಿತ ತಿಂದ ಹೆಣ್ಣುಮಕ್ಕಳೆಷ್ಟೋ! ಹಾಗೆ ಹೊಡೆಯುವುದು, ಕಟ್ಟಿಹಾಕುವುದು ಅಪರಾಧವೆಂದು ಕರ್ನಾಟಕ 2017ರಲ್ಲಿ ಕಾನೂನು ಮಾಡಿತು. ಅದು ಜಾರಿಗೆ ಬಂದದ್ದು 2020ರಲ್ಲಿ.

ಕಾನೂನು ಹೊಡೆಯುವ ಕೈಯನ್ನು ಹಿಡಿದೀತು, ಕೇಳುವ ಕಿವಿಯನ್ನು ಎಲ್ಲಿಂದ ತಂದೀತು? ಮನೆಯ ಹುಡುಗಿ ಊಟ ಬಿಟ್ಟು ಮೂಲೆ ಹಿಡಿದರೆ ಮೊದಲು ಪಕ್ಕದಲ್ಲಿ ಕೂತು ‘ಏನಾಯ್ತವ್ವಾ?’ ಎಂದು ಕೇಳೋಣ, ಆಮೇಲೆ ಡಾಕ್ಟರರಿಗೆ ತೋರಿಸೋಣ. ಬದುಕಿದ್ದಾಗಲೇ ಮಾತಾಡಲು ಬಿಟ್ಟರೆ ಅವಳು ದೆವ್ವವಾಗಿ ಬಂದು ಬಾಗಿಲು ಬಡಿಯಬೇಕಾಗಿಲ್ಲ.