ಅಜಾಗರೂಕತೆ

ರಾಜ್ಯದ ಯಾವ ಠಾಣೆಯ ಅಪಘಾತದ ಎಫ್‌ಐಆರ್ ತೆಗೆದರೂ "ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು" ಎಂಬ ಸಾಲು ಬಹುಮಟ್ಟಿಗೆ ಇದ್ದೇ ಇರುತ್ತದೆ. ಸಂಸ್ಕೃತದ 'ಜಾಗೃ' ಧಾತುವಿಗೆ ಎಚ್ಚರವಾಗಿರು ಎಂದರ್ಥ. ಶಿವರಾತ್ರಿಯ ಜಾಗರಣೆಯೂ ಅದರದೇ ಕುಡಿ.

ಆದರೆ ಎದುರು ಲಾರಿ ಬರುವುದು ಕಂಡೂ ತಿರುವಿನಲ್ಲಿ ಓವರ್‌ಟೇಕ್ ಮಾಡುವವನು ಪೂರ್ತಿ ಎಚ್ಚರವಾಗಿಯೇ ಇರುತ್ತಾನೆ. ಅವನದು ದುಡುಕು. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮು (2024ರ ಜುಲೈಗೆ ಮುಂಚೆ ದಂಡ ಸಂಹಿತೆಯ 279) ದುಡುಕು, ಅಜಾಗರೂಕತೆ ಎರಡನ್ನೂ ಹಿಡಿಯುತ್ತದೆ. ಪೊಲೀಸರು ಮಾತ್ರ ದುಡುಕಿನ ಜಾಗಕ್ಕೆ 'ಅತಿವೇಗ' ತುಂಬಿಬಿಡುತ್ತಾರೆ. ಅದು ಸಾಲದು. 1998ರಲ್ಲಿ ವರದಿಯಾದ ಕರ್ನಾಟಕದ್ದೇ ಒಂದು ಲಾರಿ ಪ್ರಕರಣದಲ್ಲಿ, ವೇಗವೆಂಬುದು ಸಾಪೇಕ್ಷ, ಬರೀ 'ಜೋರಾಗಿ ಬಂತು' ಎಂದರೆ ತಪ್ಪು ಸಾಬೀತಾಗದು ಎಂದಿತು ಸುಪ್ರೀಂ ಕೋರ್ಟ್. ಬ್ರೇಕ್ ಹಾಕಿದ ಟೈರಿನ ಗುರುತು, ಮಹಜರಿನ ನಕ್ಷೆ, ವಾಹನ ನಿಂತ ಬದಿ, ಇವೆಲ್ಲ ಸಾಕ್ಷಿ ಹೇಳಬೇಕು.

ಪರಿಹಾರ ಕೊಡುವ ನ್ಯಾಯಮಂಡಳಿಯಲ್ಲಿ ಅಷ್ಟು ಬಿಗಿಯಿಲ್ಲ. ಸಂಭವ ಯಾವ ಕಡೆ ಹೆಚ್ಚೆಂದು ನೋಡಿ, ಇಬ್ಬರದೂ ತಪ್ಪಿದ್ದರೆ ಅಜಾಗರೂಕತೆಯನ್ನು ಶೇಕಡಾವಾರು ಹಂಚುತ್ತಾರೆ.